ಬೀದರಿನಲ್ಲಿ ಒಂದು ಹಗಲು

ಔರಾದ, ಭಾಲ್ಕಿ ತಾಲ್ಲೂಕುಗಳ ಜನರಿಗೆ ಬೀದರವೆಂದರೆ ಕಚೇರಿ, ಆಸ್ಪತ್ರೆ ಮತ್ತು ಪೇಟೆ. ಕೆಲಸ ತೀರಿದೊಡನೆ ಬಸ್ಸು ಹಿಡಿದು ಊರು ಸೇರುವುದು ಅವರ ರೂಢಿ. ಆದರೆ ಔರಾದ ಕಡೆಯ ರೈತನ ಮಗನೊಬ್ಬನು, ಭಾಲ್ಕಿಯಲ್ಲಿ ಉಳಿದು ಒಂಬತ್ತನೆಯ ತರಗತಿಯಲ್ಲಿ ಓದುತ್ತಿದ್ದವನು, ರಜೆಗೆ ಊರಿಗೆ ಹೊರಟಾಗ ಬೀದರಿನ ದಾರಿಯನ್ನೇ ಆರಿಸಿಕೊಂಡನು. ಸಂಜೆಯ ಬಸ್ಸಿನವರೆಗೆ ನಗರವನ್ನು ನಡೆದೇ ನೋಡಬೇಕೆಂಬುದು ಅವನ ಹಂಬಲ. ಕೈಚೀಲದಲ್ಲಿ ಜೋಳದ ರೊಟ್ಟಿಯ ಬುತ್ತಿ ಮತ್ತು ಒಂದು ನೋಟುಪುಸ್ತಕ ಇದ್ದವು.

ಬೆಳಿಗ್ಗೆ ಅವನು ನೌಬಾದಿನಲ್ಲಿಯೇ ಇಳಿದನು. ಅಲ್ಲಿ ಸುರಂಗ ಬಾವಿಯುಂಟು. ಪಾರಸಿಕರ ಮಾತಿನಲ್ಲಿ ಅದು ಕರೇಜ್. ಹದಿನೈದನೆಯ ಶತಮಾನದಲ್ಲಿ, ಬಹಮನಿ ಸುಲ್ತಾನರ ಕಾಲದಲ್ಲಿ, ನೆಲದೊಳಗಿನ ಜಲವನ್ನು ಇಳಿಜಾರಾದ ಸುರಂಗದ ಮೂಲಕ ಹರಿಯಿಸಿದ ಜಾಣ್ಮೆ ಅದು. ಏತವಿಲ್ಲ, ರಾಟೆಯಿಲ್ಲ, ನೀರು ತನ್ನ ಭಾರದಿಂದ ತಾನೇ ನಡೆಯುತ್ತದೆ. ಅಲ್ಲಲ್ಲಿ ಗಾಳಿಗೂ ಹೂಳೆತ್ತುವುದಕ್ಕೂ ಬಾವಿಯಂಥ ಕಿಂಡಿಗಳನ್ನು ಕೊರೆದಿದ್ದಾರೆ. ಎಷ್ಟೋ ಕಾಲ ಕಸದಿಂದ ಮುಚ್ಚಿಹೋಗಿದ್ದ ಈ ಸುರಂಗವನ್ನು ಇತ್ತೀಚಿನ ದಶಕಗಳಲ್ಲಿ ಶೋಧಿಸಿ ಶುಚಿಗೊಳಿಸುವ ಕೆಲಸ ನಡೆಯಿತು. ಬೇಸಿಗೆ ಬಂತೆಂದರೆ ನೀರಿಗಾಗಿ ಅಲೆಯುವ ಸೀಮೆಯ ಹುಡುಗನು ಕಿಂಡಿಯ ಅಂಚಿನಲ್ಲಿ ಬಹಳ ಹೊತ್ತು ಬಗ್ಗಿ ನಿಂತಿದ್ದನು. ಅರಮನೆಗಳನ್ನು ಕುರಿತು ಪಾಠದಲ್ಲಿ ಓದಿದ್ದನೇ ಹೊರತು, ನೀರನ್ನು ಕುರಿತು ಓದಿರಲಿಲ್ಲ.

ನಗರದ ನಡುವೆ ಚೌಬಾರವೆಂಬ 71 ಅಡಿ ಎತ್ತರದ ದುಂಡನೆಯ ಕಾವಲುಗೋಪುರ. ಅಲ್ಲಿಂದ ಕೋಟೆಯ ಕಡೆಗೆ ನಡೆದರೆ ಮಹಮೂದ್ ಗವಾನನ ಮದರಸಾ ಎದುರಾಗುತ್ತದೆ. ಪಾರಸಿಕ ದೇಶದ ಗಿಲಾನಿನಿಂದ ವ್ಯಾಪಾರಿಯಾಗಿ ಬಂದು ಬಹಮನಿ ರಾಜ್ಯದ ಪ್ರಧಾನಿಯಾದವನು ಗವಾನ. 1472ರಲ್ಲಿ ಅವನು ಕಟ್ಟಿಸಿದ ಈ ವಿದ್ಯಾಲಯಕ್ಕೆ ಮೂರು ಅಂತಸ್ತು. ಉದ್ದ 205 ಅಡಿ, ಅಗಲ 180 ಅಡಿ. ಹುಡುಗನು ಹೆಜ್ಜೆಯಿಂದಲೇ ಅದನ್ನು ಅಳೆದು ನೋಡಿದನು. ವೈರಿಗಳು ಹೊಸೆದ ಕಳ್ಳಪತ್ರವೊಂದನ್ನು ನಂಬಿದ ಸುಲ್ತಾನನು 1481ರಲ್ಲಿ ಆ ವೃದ್ಧನ ತಲೆ ತೆಗೆಸಿದನು. ರಾಜ್ಯವೂ ಮುಂದೆ ಹೆಚ್ಚು ಕಾಲ ಒಂದಾಗಿ ಉಳಿಯಲಿಲ್ಲ, ಒಡೆದು ಐದಾಯಿತು. ಮೊಗಲರ ಕಾಲದಲ್ಲಿ, 1696ರಲ್ಲಿ, ಇಲ್ಲಿ ಕೂಡಿಟ್ಟಿದ್ದ ಮದ್ದು ಸಿಡಿದು ಕಟ್ಟಡದ ಒಂದು ಪಾರ್ಶ್ವವೂ ಒಂದು ಮಿನಾರೂ ನೆಲಕ್ಕೊರಗಿದವು. ಗ್ರಂಥಗಳಿದ್ದ ಮನೆಯಲ್ಲಿ ಮದ್ದನ್ನು ತುಂಬಿದವರ ವಿವೇಕವನ್ನು ಏನೆನ್ನಬೇಕು!

ಉಳಿದ ಮಿನಾರಿನ ಮೇಲೆ ನೀಲಿ, ಹಸಿರು, ಬಿಳಿ ಬಣ್ಣದ ಹೆಂಚುಗಳು ಇನ್ನೂ ಅಲ್ಲಲ್ಲಿ ಹೊಳೆಯುತ್ತವೆ. ಗೋಡೆಯ ಮೇಲೆ ಅರಬ್ಬೀ ಅಕ್ಷರಗಳ ಸಾಲು. ಹುಡುಗನಿಗೆ ಅದನ್ನು ಓದಲು ಬರಲಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಉರ್ದು ಶಾಲೆಗೆ ಹೋಗಿದ್ದ ಅವನ ಅಜ್ಜನಿಗಾದರೆ ಆ ಲಿಪಿಯ ಪರಿಚಯವಿದೆ. ಕನ್ನಡದ ಓದು ಮಾತ್ರ ಇಂದಿಗೂ ತಡವರಿಕೆ. ಆ ದಿನಗಳಲ್ಲಿ ಭಾಲ್ಕಿಯ ಹಿರೇಮಠದ ಚನ್ನಬಸವ ಪಟ್ಟದ್ದೇವರು ಹೊರಗೆ ಉರ್ದು ಫಲಕ ತೂಗಿಸಿ ಒಳಗೆ ಮಕ್ಕಳಿಗೆ ಕನ್ನಡ ಕಲಿಸಿದರೆಂದು ಆ ಸೀಮೆಯಲ್ಲೆಲ್ಲ ಹೇಳುತ್ತಾರೆ. ಅಕ್ಷರಗಳ ಒಂದು ತುಂಡನ್ನು ಕಂಡಂತೆಯೇ ಬರೆದುಕೊಂಡನು, ಅಜ್ಜನಿಗೆ ತೋರಿಸಲು.

ಕೋಟೆಯ ಬಳಿ ಅವನ ನಡಿಗೆ ನಿಧಾನವಾಯಿತು. ಅಹಮದ್ ಷಾ ಕಲಬುರಗಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದಾಗ ಎದ್ದ ಕೋಟೆ ಇದು. ಒಂದರ ಹಿಂದೊಂದು ಮೂರು ಕಂದಕಗಳನ್ನು ಇಡಿಯ ಬಂಡೆಯಲ್ಲಿಯೇ ಕಡಿದಿದ್ದಾರೆ. ಬಂಡೆ ಜಂಬಿಟ್ಟಿಗೆಯದು, ಅಗೆಯುವಾಗ ಮೆದುವಾಗಿದ್ದು ಗಾಳಿಗೆ ಬಿದ್ದ ಮೇಲೆ ಗಟ್ಟಿಯಾಗುತ್ತದೆ. ತನ್ನೂರಿನ ಎರೆಭೂಮಿಯ ಕಪ್ಪನ್ನು ಮಾತ್ರ ಕಂಡಿದ್ದವನಿಗೆ ಕಂದಕವೂ ಗೋಡೆಯೂ ಒಂದೇ ಕೆಂಪಾಗಿರುವುದು ಸೋಜಿಗವೆನಿಸಿತು. ಕಪ್ಪು ಕಲ್ಲಿನಲ್ಲಿ ಮುತ್ತಿನ ಚಿಪ್ಪನ್ನು ಕೂರಿಸಿದ ರಂಗೀನ್ ಮಹಲನ್ನೂ ಸೋಲಾ ಖಂಬ ಮಸೀದಿಯನ್ನೂ ನೋಡಿ, ನೆರಳಿನಲ್ಲಿ ಬುತ್ತಿ ಬಿಚ್ಚಿದನು.

ಮಧ್ಯಾಹ್ನ ಇಳಿದ ಮೇಲೆ ಬಿದರಿ ಕೆಲಸದ ಒಂದು ಚಿಕ್ಕ ಅಂಗಡಿಯ ಹೊಸ್ತಿಲಲ್ಲಿ ನಿಂತನು. ಮುದಿ ಕುಶಲಕರ್ಮಿ ಒಳಗೆ ಕರೆದು ಕೂರಿಸಿದನು. ಸತುವಿಗೆ ತುಸು ತಾಮ್ರ ಬೆರೆಸಿ ಎರಕ ಹೊಯ್ಯುವುದು, ಗೆರೆ ಕಾಣಲೆಂದು ಮೈಲುತುತ್ತ ಬಳಿಯುವುದು, ಉಳಿಯಿಂದ ಬಳ್ಳಿ ಕೊರೆದು ಬೆಳ್ಳಿಯ ತಂತಿಯನ್ನು ಬಡಿದು ಕೂರಿಸುವುದು, ಎಲ್ಲವನ್ನೂ ತೋರಿಸಿದನು. ಕೊನೆಗೆ ಬೇಕಾದುದು ಕೋಟೆಯ ಮಣ್ಣು. ಬಿಸಿಲು ಮಳೆ ಕಾಣದ ಮೂಲೆಯ ಹಳೆಯ ಮಣ್ಣು. ಅದನ್ನು ನವಸಾಗರದೊಡನೆ ನೀರಿನಲ್ಲಿ ಕಾಯಿಸಿ ಲೇಪಿಸಿದರೆ ಲೋಹ ಕಡುಗಪ್ಪಾಗುತ್ತದೆ, ಬೆಳ್ಳಿ ಬೆಳ್ಳಗೆ ಉಳಿಯುತ್ತದೆ. ಯಾವ ಮಣ್ಣು ಒಳ್ಳೆಯದೆಂಬುದನ್ನು ನಾಲಗೆಯೇ ಹೇಳಬೇಕು. ಈ ಕಲೆಗೆ 2006ರಲ್ಲಿ ಭೌಗೋಳಿಕ ಗುರುತು ದೊರೆತಿದೆ. ಆದರೂ ಆ ಮುದುಕನ ಮಗ ಈ ಕಸುಬಿಗೆ ಬಂದಿಲ್ಲ. ಕಣ್ಣು, ಬೆನ್ನು ಸವೆದರೂ ಹೊಟ್ಟೆ ತುಂಬದ ಕೆಲಸ ಅವನಿಗೇಕೆ ಎಂದು ತಂದೆಯೇ ಅವನನ್ನು ಕಾಲೇಜಿಗೆ ಕಳುಹಿಸಿದ್ದನು.

ಹುಡುಗನು ಸುಮ್ಮನಾದನು. ನೇಗಿಲು ತನ್ನ ತಲೆಗೇ ಸಾಕು ಎಂದು ಅವನ ತಂದೆಯೂ ಹೇಳಿಯೇ ಅವನನ್ನು ಭಾಲ್ಕಿಗೆ ಸೇರಿಸಿದ್ದನು.

ಮುದುಕನು ಡಬ್ಬಿಯಿಂದ ಒಂದು ಚಿಟಿಕೆ ಮಣ್ಣನ್ನು ಅವನ ಅಂಗೈಗೆ ಹಾಕಿದನು. ಹುಡುಗನು ನಾಲಗೆಯ ತುದಿಗೆ ಸೋಕಿಸಿ ಮುಖ ಕಿವಿಚಿದನು; ಮುದುಕನು ನಕ್ಕನು. ಕಸುಬುದಾರನಿಗೆ ಅದರಲ್ಲಿ ತಿಳಿಯುವುದೇನು, ತನಗೆ ತಿಳಿಯದೆ ಹೋದದ್ದೇನು ಎಂದು ಹುಡುಗನು ಬಗೆಬಗೆಯಾಗಿ ಕೇಳತೊಡಗಿದನು. ಔರಾದಿನ ಬಸ್ಸಿಗೆ ಇನ್ನೂ ಅರ್ಧ ಗಂಟೆಯಿತ್ತು.