ಮುಖಪುಟ ಮೊದಲು, ಕಥೆ ಆಮೇಲೆ

ಮಾರ್ಚ್ 9, ಭಾನುವಾರ

ಡಿಸಿ ಕಾಮಿಕ್ಸ್‌ನವರು 2004ರಲ್ಲಿ ತಂದ ಕುಗ್ಗಬಲ್ಲ ಸೂಪರ್‌ಹೀರೋ ‘ದಿ ಆಟಂ’ ಇರುವ ಗೌರವ ಸಂಚಿಕೆಯನ್ನು ಇವತ್ತು ಮತ್ತೆ ಓದಿದೆ. ಆ ವರ್ಷದ ಫೆಬ್ರುವರಿಯಲ್ಲಿ ಸಂಪಾದಕ ಜೂಲಿಯಸ್ ಶ್ವಾರ್ಟ್ಜ್ ತಮ್ಮ 88ನೇ ವಯಸ್ಸಿನಲ್ಲಿ ತೀರಿಕೊಂಡಿದ್ದರು. ಅವರ ನೆನಪಿಗೆಂದೇ ಬಂದ ಮಾಲಿಕೆಯ ಸಂಚಿಕೆ ಇದು.

ಶ್ವಾರ್ಟ್ಜ್ ಎಷ್ಟೋ ಸಲ ಮೊದಲು ಮುಖಪುಟ ಬರೆಸುತ್ತಿದ್ದರು. ನಾಯಕ ಆ ಇಕ್ಕಟ್ಟಿಗೆ ಹೇಗೆ ಸಿಕ್ಕಿಕೊಂಡ, ಹೇಗೆ ಪಾರಾದ ಎಂದು ಕಥೆಗಾರ ಆಮೇಲೆ ತಲೆ ಓಡಿಸಬೇಕು. ಗೌರವ ಸಂಚಿಕೆಯೂ ಅದೇ ಜಾಡು ಹಿಡಿದಿದೆ: ಹಳೆಯ ಮುಖಪುಟವೊಂದನ್ನು ಹೊಸದಾಗಿ ಬರೆಸಿ, ಆ ಒಂದೇ ಚಿತ್ರಕ್ಕೆ ಎರಡು ಬೇರೆ ಬೇರೆ ಕಥೆ ಕಟ್ಟಿಸಿದ್ದಾರೆ. ಸಂಪಾದಕನೊಬ್ಬನನ್ನು ನೆನೆಯಲು ಅವನ ಪಾಠವನ್ನೇ ಮಾಡಿ ತೋರಿಸಿದ್ದು ನನಗೆ ತುಂಬ ಹಿಡಿಸಿತು.

ಮಾರ್ಚ್ 11, ಮಂಗಳವಾರ

ಆಟಂನ ಮೂಲಕ್ಕೇ ಹೋದೆ. 1961, ‘ಶೋಕೇಸ್’ 34ನೇ ಸಂಚಿಕೆ. ಕಥೆ ಗಾರ್ಡ್ನರ್ ಫಾಕ್ಸ್, ಚಿತ್ರ ಗಿಲ್ ಕೇನ್. ವಿಜ್ಞಾನಿ ರೇ ಪಾಮರ್‌ಗೆ ಶ್ವೇತಕುಬ್ಜ ನಕ್ಷತ್ರದ ತುಂಡೊಂದು ಸಿಗುತ್ತದೆ. ಕುಗ್ಗುವ ವಿದ್ಯೆ ಹುಟ್ಟುವುದು ಅದರಿಂದ, ಅವನು ಆಟಂ ಆಗುವುದೂ ಅದರಿಂದಲೇ. ನಿಜಕ್ಕೆ ಅಂಥ ದ್ರವ್ಯ ಒಂದು ಚಮಚದಷ್ಟಿದ್ದರೂ ಟನ್‌ಗಟ್ಟಲೆ ತೂಗುತ್ತದೆ, ಎತ್ತಿಕೊಂಡು ಬರುವ ಮಾತೇ ಇಲ್ಲ. ಆದರೂ ಆ ಆಯ್ಕೆ ಸರಿಯಾಗಿದೆ ಅನ್ನಿಸುತ್ತದೆ, ಏಕೆಂದರೆ ಆಟಂ ಬರೀ ಗಾತ್ರದ ನಾಯಕನಲ್ಲ, ತೂಕದ ನಾಯಕ. ಹಗುರಾಗಿ ಗಾಳಿಯಲ್ಲಿ ತೇಲಿ ಬರುತ್ತಾನೆ, ಗುದ್ದುವ ಹೊತ್ತಿಗೆ ಪೂರ್ತಿ ಮನುಷ್ಯನ ಭಾರ ಮರಳಿಸಿಕೊಳ್ಳುತ್ತಾನೆ. ಅಣಿಮಾ, ಲಘಿಮಾ, ಗರಿಮಾ ಮೂರೂ ಕೈವಶ! ಕೇನ್ ಬರೆದ ಮೈಕಟ್ಟಿನಲ್ಲಿ ಆ ಭಾರ ಕಣ್ಣಿಗೆ ಕಾಣುತ್ತದೆ. ಆರಿಂಚಿನ ಆಳು ಚೌಕಟ್ಟು ತುಂಬ ಮೈಚಾಚಿ ಜಿಗಿಯುತ್ತಾನೆ.

ಇನ್ನು ಆ ಫೋನಿನ ಉಪಾಯ! ನಂಬರ್ ತಿರುಗಿಸಿ, ರಿಸೀವರ್ ಒಳಗಿಳಿದು, ತಂತಿಗುಂಟ ಓಡಿ ಆ ಕಡೆ ಹೊರಬೀಳುತ್ತಾನೆ. ಇಷ್ಟು ಖುಷಿ ಕೊಡುವ ಕಲ್ಪನೆ ಸೂಪರ್‌ಹೀರೋ ಕಥೆಗಳಲ್ಲಿ ನಾನು ಬೇರೆ ಕಂಡಿಲ್ಲ.

ಮಾರ್ಚ್ 15, ಶನಿವಾರ

ಆಟಂ ಹುಟ್ಟಿದ್ದೇ ಗೌರವಾರ್ಪಣೆಯಾಗಿ. 1940ರಲ್ಲೇ ಆ ಹೆಸರಿನ ನಾಯಕನೊಬ್ಬನಿದ್ದ, ಆಲ್ ಪ್ರಾಟ್. ಕುಳ್ಳ, ಗಟ್ಟಿಗ, ಕುಗ್ಗುವ ಶಕ್ತಿಯಿಲ್ಲ. ರೇ ಪಾಮರ್ ಎಂಬುದು ವೈಜ್ಞಾನಿಕ ಕಥಾಪತ್ರಿಕೆಗಳ ಸಂಪಾದಕ ರೇಮಂಡ್ ಪಾಮರ್ ಅವರ ಹೆಸರು. ಬಾಲ್ಯದ ಅಪಘಾತದಲ್ಲಿ ಬೆನ್ನುಮೂಳೆ ಜಖಂಗೊಂಡು ಅವರು ನಾಲ್ಕಡಿಯ ಆಸುಪಾಸಿನಲ್ಲೇ ಉಳಿದರು. ಶ್ವಾರ್ಟ್ಜ್ ಹುಡುಗನಾಗಿದ್ದಾಗಿನಿಂದ ಅದೇ ಪತ್ರಿಕೆಗಳ ಓದುಗ ಬಳಗದವರು. ಗಿಡ್ಡ ಗೆಳೆಯನಿಗೆ ನಾಯಕಪಟ್ಟ ಕಟ್ಟಿದ್ದರಲ್ಲಿ ನನಗೆ ಕಾಣುವುದು ಅಕ್ಕರೆ.

ಅದೇ 2004ರಲ್ಲಿ ಡಿಸಿಯ ‘ಐಡೆಂಟಿಟಿ ಕ್ರೈಸಿಸ್’ ಕಾಮಿಕ್ಸ್ ಕೂಡ ಬಂತು. ಅದರಲ್ಲಿ ರೇಯ ಮಾಜಿ ಹೆಂಡತಿ ಜೀನ್, ಕುಗ್ಗುವ ಉಡುಪು ತೊಟ್ಟು, ಫೋನ್ ತಂತಿಯಲ್ಲೇ ಹೋಗಿ ಇನ್ನೊಬ್ಬ ಸೂಪರ್‌ಹೀರೋನ ಹೆಂಡತಿ ಸ್ಯೂಳನ್ನು ಕೊಲ್ಲುತ್ತಾಳೆ. ಬಿಗಿಯಾದ ಕಥೆ, ಒಪ್ಪುತ್ತೇನೆ. ಆದರೆ ಮಕ್ಕಳು ಬೆರಗಿನಿಂದ ಓದಿದ ಉಪಾಯವನ್ನು ಕೊಲೆಗೆ ಬಳಸಿದ್ದು ನನಗೆ ಇಂದಿಗೂ ನೋವು. ಆಟಂ ಯಾರೆಂದು ಯಾರಾದರೂ ಕೇಳಿದರೆ ಗೌರವ ಸಂಚಿಕೆಯನ್ನೇ ಮೊದಲು ಕೈಗಿಡುತ್ತೇನೆ.