ಒಂದು ಮೊಳ ಮುಂದೆ

ಕಾರಿನ ಶೋರೂಮಿಗೆ ಹೋಗುವಾಗ ಜೇಬಿನಲ್ಲಿ ಒಂದು ಅಯಸ್ಕಾಂತದ ತುಂಡು ಇಟ್ಟುಕೊಂಡಿರುತ್ತೇನೆ. ಮಾರಾಟದ ಹುಡುಗ ಮೈಲೇಜು, ಏರ್‌ಬ್ಯಾಗು, ಹತ್ತಿಂಚಿನ ಪರದೆ ಎಂದು ವರ್ಣಿಸುತ್ತಿರುವಾಗ ನಾನು ತುದಿಗಾಲಲ್ಲಿ ನಿಂತು ಕಾರಿನ ನೆತ್ತಿ ಸವರುತ್ತಿರುತ್ತೇನೆ. ಅಯಸ್ಕಾಂತ ಟಪ್ಪೆಂದು ಕಚ್ಚಿಕೊಂಡರೆ ಕಾರು ಪಾಸು. ಈಚೆಗೆ ಕಚ್ಚುವುದೇ ಕಷ್ಟವಾಗಿದೆ, ನೆತ್ತಿಯ ಮುಕ್ಕಾಲು ಪಾಲು ಗಾಜು. “ಪನೋರಮಿಕ್ ಸನ್‌ರೂಫ್ ಸಾರ್, ಇದಕ್ಕೇ ಎಲ್ಲರೂ ಬೀಳೋದು” ಅಂದ ಮೊನ್ನೆಯ ಹುಡುಗ. “ಇದಿಲ್ಲದ್ದು ಯಾವುದಪ್ಪಾ ಇದೆ?” ಅಂದೆ. ಎಲ್ಲಕ್ಕಿಂತ ಅಗ್ಗದ ಮಾಡೆಲಿನ ಮುಂದೆ ನನ್ನನ್ನು ನಿಲ್ಲಿಸಿ, ಬೇರೆ ಗಿರಾಕಿಯನ್ನು ಹುಡುಕಿಕೊಂಡು ಹೋದ.

ಎರಡು ಮೀಟರ್ ಬ್ಯಾಂಡಿನಲ್ಲಿ ಮಾತಾಡುವ ಹವ್ಯಾಸಿ ರೇಡಿಯೋದವನಿಗೆ, ಅಂದರೆ ಹ್ಯಾಮ್‌ಗೆ ಕಾರಿನಲ್ಲಿ ಮೊದಲು ಬೇಕಾದದ್ದು ತಗಡು, ಆಮೇಲೆ ಎಂಜಿನ್. ನಮಗೆ ಕೊಟ್ಟಿರುವ 144ರಿಂದ 146 ಮೆಗಾಹರ್ಟ್ಸ್‌ನಲ್ಲಿ ಅಲೆಯ ಉದ್ದ ಎರಡು ಮೀಟರಿನ ಆಸುಪಾಸು. ಅದರ ಕಾಲು ಭಾಗವೆಂದರೆ ಒಂದು ಮೊಳದ ಮೇಲೆ ಎರಡು ಬೆರಳು. ಕಡ್ಡಿ ಅಷ್ಟುದ್ದ, ಅದರ ಸುತ್ತ ಎಲ್ಲ ದಿಕ್ಕಿಗೂ ಅಷ್ಟೇ ಉಕ್ಕು. ಆಂಟೆನಾದ ಅರ್ಧ ಆಕಾಶಕ್ಕೆ ನೆಟ್ಟಗೆ ನಿಂತಿದ್ದರೆ ಇನ್ನರ್ಧದ ಕೆಲಸವನ್ನು ತಗಡು ಮಾಡುತ್ತದೆ. ಪುಟ್ಟ ಹ್ಯಾಚ್‌ಬ್ಯಾಕಿನ ನೆತ್ತಿಗೆ ಈ ಲೆಕ್ಕ ಸಲೀಸಾಗಿ ಒಗ್ಗುತ್ತದೆ. ಬೆಲೆ ಏರಿದಂತೆ ಗಾಜು ಹೆಚ್ಚುತ್ತದೆ, ಉಕ್ಕು ಕರಗುತ್ತದೆ. ಅಗ್ಗದ ಕಾರು ಗೆಲ್ಲುವ ಪಂದ್ಯ ನನಗೆ ತಿಳಿದಂತೆ ಇದೊಂದೇ.

ಈ ಮೊಳದುದ್ದದ ಕಡ್ಡಿಯನ್ನು ಕಂಡರೆ ನಮ್ಮವರಲ್ಲಿ ಅನೇಕರಿಗೆ ತಾತ್ಸಾರ. ಅವರದು ಫೈವ್ ಬೈ ಏಯ್ಟ್: ಬುಡದಲ್ಲೊಂದು ಸುರುಳಿ, ಮೇಲೆ ಒಂದೂಕಾಲು ಮೀಟರಿನ ಬೆತ್ತ. ಹೊಸಕೋಟೆ ದಾಟಿ ಕೋಲಾರದ ಬಯಲು ಹಿಡಿದರೆ ಅದು ಒಳ್ಳೆಯದೇ, ಒಪ್ಪುತ್ತೇನೆ. ಶಕ್ತಿಯನ್ನು ದಿಗಂತದ ಕಡೆ ತಳ್ಳುತ್ತದೆ. ಶಿರಾಡಿ ಘಾಟಿಯ ತಿರುವಿನಲ್ಲಿ ದಿಗಂತ ಎಲ್ಲಿಂದ ತರೋಣ? ಅಲ್ಲಿ ಅಲೆ ಹೋಗಬೇಕಾದದ್ದು ಗುಡ್ಡದ ನೆತ್ತಿಯ ಕಡೆಗೆ, ಕೊಂಚ ಮೇಲಕ್ಕೆ. ಬೆತ್ತದವರು ಮಾಲಿನ ಬೇಸ್‌ಮೆಂಟಿಗೆ ಇಳಿದರಂತೂ ತೊಲೆತೊಲೆಗೂ ಟಣ್ ಟಣ್ ಎಂದು ಹಾಜರಿ ಹಾಕಬೇಕು. ನನ್ನದು ಎಸ್.ಪಿ. ರೋಡಿನ ಕನೆಕ್ಟರಿಗೆ ವೆಲ್ಡಿಂಗ್ ಅಂಗಡಿಯ ಸ್ಟೀಲ್ ಕಡ್ಡಿ ಸಿಕ್ಕಿಸಿದ್ದು. ಒಂದಿಷ್ಟು ಉದ್ದವಾಗಿಯೇ ಕತ್ತರಿಸಿ, ಮೀಟರ್ ನೋಡುತ್ತಾ ಸ್ವಲ್ಪ ಸ್ವಲ್ಪವೇ ಅರದಿಂದ ಉಜ್ಜಿದರೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಮರಳುವ ಶಕ್ತಿಯ ಅಳತೆ) ತಾನಾಗಿ ಇಳಿಯುತ್ತದೆ.

ಮಿಕ್ಕದ್ದು ಗೊತ್ತಿರುವ ಸಂಗತಿಯೇ. ವಿದ್ಯುತ್ತನ್ನು ಬ್ಯಾಟರಿಯಿಂದಲೇ ಎಳೆಯಬೇಕು, ಫ್ಯೂಸ್ ಬ್ಯಾಟರಿಯ ಪಕ್ಕದಲ್ಲೇ ಇರಬೇಕು. ಐವತ್ತು ವಾಟಿನ ಸೆಟ್ಟು ಮೈಕ್ ಒತ್ತಿದಾಗ ಹತ್ತು ಹನ್ನೆರಡು ಆಂಪಿಯರ್ ಕುಡಿಯುತ್ತದೆ, ಸಿಗರೇಟ್ ಲೈಟರಿನ ಸಾಕೆಟ್ಟು ಅದಕ್ಕೆ ಹುಟ್ಟಿದ್ದಲ್ಲ. ಆಂಟೆನಾದ ಕೇಬಲ್ ಬಾಗಿಲ ರಬ್ಬರಿನ ಸಂದಿಗೆ ನುಗ್ಗುವ ಮೊದಲು ಒಮ್ಮೆ ಕೆಳಕ್ಕೆ ಜೋತುಬಿದ್ದಿರಬೇಕು, ಇಲ್ಲವಾದರೆ ಆಷಾಢದ ಮಳೆ ಅದನ್ನೇ ದಾರಿ ಮಾಡಿಕೊಂಡು ಸೀಟಿಗಿಳಿಯುತ್ತದೆ. ಸ್ಪೀಕರಿನಲ್ಲಿ ಕರಕರ ಬಂದರೆ ಎಂಜಿನ್ನನ್ನು ಬೈಯುವ ಮೊದಲು ಮೊಬೈಲಿನ ಅಗ್ಗದ ಚಾರ್ಜರ್ ಕಿತ್ತು ನೋಡಿ.

ಈಗ ನನ್ನ ನೆಚ್ಚಿನ ವಿಷಯ: ಕೆಂಪು ದೀಪ. ಕಾರು ಓಡುತ್ತಿರುವಾಗ ದೂರದವನ ದನಿ ಪಟಪಟ ಬಡಿದುಕೊಳ್ಳುವುದನ್ನು ಎಲ್ಲರೂ ಕೇಳಿರುತ್ತೀರಿ. ನೇರ ಬಂದ ಅಲೆಯೂ ಎದುರಿನ ಕಟ್ಟಡಕ್ಕೆ ಬಡಿದು ಹಿಂತಿರುಗಿದ ಅಲೆಯೂ ಒಂದು ಜಾಗದಲ್ಲಿ ಕೂಡುತ್ತವೆ, ಇನ್ನೊಂದರಲ್ಲಿ ಕಳೆಯುತ್ತವೆ. ರಸ್ತೆಯುದ್ದಕ್ಕೂ ಸುಮಾರು ಮೀಟರಿಗೊಂದರಂತೆ ಇಂಥ ಕಿವುಡು ಗುಂಡಿಗಳು. ಗಂಟೆಗೆ ಅರವತ್ತು ಕಿಲೋಮೀಟರ್ ವೇಗದಲ್ಲಿ ಸೆಕೆಂಡಿಗೆ ಹದಿನಾರು ದಾಟುತ್ತೇವೆ, ಪರವಾಗಿಲ್ಲ, ಮಾತು ತಿಳಿಯುತ್ತದೆ. ಸಿಗ್ನಲ್ಲಿನಲ್ಲಿ ಸರಿಯಾಗಿ ಗುಂಡಿಯ ಮೇಲೇ ನಿಂತರೆ ಮಾತ್ರ ಕಥೆ ಮುಗಿಯಿತು. ಬರೀ ಬುಸ್ಸೆನ್ನುವ ಸದ್ದು. ಗುಂಡಿಯಿಂದ ದಿಬ್ಬಕ್ಕೆ ಕಾಲು ಅಲೆಯ ದೂರ. ಅಂದರೆ ಅದೇ ಒಂದು ಮೊಳ! ಬ್ರೇಕನ್ನು ತುಸು ಸಡಿಲಿಸಿ ಕಾರನ್ನು ಅಷ್ಟೇ ಮುಂದಕ್ಕೆ ಜಾರಿಸಿ. ಸತ್ತಂತಿದ್ದ ದನಿ ಪಕ್ಕದ ಸೀಟಿನಲ್ಲಿ ಕೂತಷ್ಟು ಸ್ಪಷ್ಟವಾಗಿ ಮಾತಾಡುತ್ತದೆ. ನನಗೆ ಇದು ಪ್ರತಿಸಲವೂ ಹೊಸ ಸುಖ. ಐವತ್ತು ವಾಟನ್ನು ನೂರು ಮಾಡಿದರೂ ಸಿಗದ ಲಾಭ, ಪೆಟ್ರೋಲಿನ ಹನಿಯೂ ಖರ್ಚಿಲ್ಲ.

ಆದರೆ ಮುಂದಕ್ಕೆ ಸರಿಯಲು ಮುಂದೆ ಜಾಗವಿರಬೇಕಲ್ಲ. ಹಾಗಾಗಿ ಸಿಗ್ನಲ್ಲಿನಲ್ಲಿ ನಾನು ಎದುರಿನ ವಾಹನಕ್ಕೆ ಎರಡು ಮೊಳ ಅಂತರ ಬಿಟ್ಟು ನಿಲ್ಲುತ್ತೇನೆ. ಬೆಂಗಳೂರಿನಲ್ಲಿ ಎರಡು ಮೊಳ ಖಾಲಿ ರಸ್ತೆಯೆಂದರೆ ವಾರಸುದಾರರಿಲ್ಲದ ಆಸ್ತಿ. ಮೊದಲು ಒಂದು ಸ್ಕೂಟರು ಓರೆಯಾಗಿ ನುಗ್ಗುತ್ತದೆ, ಅದರ ಹಿಂದೆ ಆಟೋ ಮೂಗು ತೂರಿಸುತ್ತದೆ. ಹಿಂದಿನವನು “ಮುಂದಕ್ಕೆ ತಗೊಳ್ರೀ” ಎಂದು ಹಾರ್ನ್ ಒತ್ತುತ್ತಾನೆ. ನಾನು ಕೊನೆಗೆ ಒಂದು ಮೊಳ ಸರಿದರೆ ಅವನು ಗೆದ್ದೆನೆಂದು ಖುಷಿಪಡುತ್ತಾನೆ. ನಮ್ಮಿಬ್ಬರಿಗೂ ಬೇಕಾದದ್ದು ಒಂದೇ ಎಂಬುದು ಅವನಿಗೆ ಹೇಗೆ ತಿಳಿಯಬೇಕು?

ಇಷ್ಟೆಲ್ಲ ಹೇಳಿದ ಮೇಲೂ ಹೊಸಬರು ಕೇಳುವ ಪ್ರಶ್ನೆ ಒಂದೇ: “ಎಷ್ಟು ವಾಟ್ ತಗೊಳ್ಳಲಿ ಸಾರ್?” ಐದು ವಾಟಿನಿಂದ ಐವತ್ತಕ್ಕೆ ಏರಿದರೆ ಹತ್ತು ಡೆಸಿಬೆಲ್. ಎಸ್ ಮೀಟರಿನ ಒಂದು ಮನೆಗೆ ಆರು ಡೆಸಿಬೆಲ್ ಎಂಬ ಲೆಕ್ಕದಲ್ಲಿ ಕೇಳುವವನ ಮುಳ್ಳು ಎರಡು ಮನೆಯೂ ಸರಿಯುವುದಿಲ್ಲ. ಮೊದಲು ಆ ಐದು ವಾಟಿನ ವಾಕಿಟಾಕಿಯನ್ನು ಡ್ಯಾಶ್‌ಬೋರ್ಡಿನಿಂದ ಬಿಡಿಸಿ ನೆತ್ತಿಯ ಕಡ್ಡಿಗೆ ಜೋಡಿಸಿ ಎಂದರೆ ಮುಖ ಸಪ್ಪಗಾಗುತ್ತದೆ. ಐವತ್ತು ವಾಟಿನ ಸೆಟ್ಟನ್ನೇ ಕೊಳ್ಳುತ್ತಾರೆ. ಕೊಂಡು, ಬಂದ ಮಾತನ್ನು ಹಿಡಿದು ಮತ್ತೆ ಹರಡುವ ರಿಪೀಟರಿನಲ್ಲಿ ಪರಸ್ಪರ “ಯು ಆರ್ ಫೈವ್ ನೈನ್, ಓಎಂ” ಎಂದು ಸರ್ಟಿಫಿಕೇಟು ಹಂಚಿಕೊಳ್ಳುತ್ತಾರೆ. ಮುಳ್ಳು ತೋರಿಸುತ್ತಿರುವುದು ಬೆಟ್ಟದ ಮೇಲಿನ ರಿಪೀಟರಿನ ಬಲವನ್ನು, ಇವರದನ್ನಲ್ಲ. ಮದುವೆಮನೆಯಲ್ಲಿ ಬಾಣಸಿಗನನ್ನು ಬಿಟ್ಟು ಬಡಿಸಿದವನ ಕೈರುಚಿ ಹೊಗಳಿದ ಹಾಗೆ.

ನಗುವ ವಿಷಯ ಇಲ್ಲಿಗೆ ಸಾಕು. ಎಫ್‌ಎಂನಲ್ಲಿ ಎರಡು ಸಿಗ್ನಲ್ ಒಟ್ಟಿಗೆ ಬಂದರೆ ಬಲವಾದದ್ದು ಪೂರ್ತಿ ಗೆಲ್ಲುತ್ತದೆ, ದುರ್ಬಲವಾದದ್ದು ಇತ್ತೆಂಬ ಸುಳಿವೂ ಉಳಿಯುವುದಿಲ್ಲ. ವಿಮಾನದವರು ಇಂದಿಗೂ ಎಎಂನಲ್ಲೇ ಮಾತಾಡುತ್ತಾರೆ; ಅಲ್ಲಿ ಇಬ್ಬರು ಒಟ್ಟಿಗೆ ಒತ್ತಿದರೆ ಕೀರಲು ಸದ್ದು ಬಂದು ಇನ್ನೊಬ್ಬನಿದ್ದಾನೆ ಎಂದಾದರೂ ತಿಳಿಯುತ್ತದೆ. ನಮ್ಮಲ್ಲಿ ಅದೂ ಇಲ್ಲ. ಗುಡ್ಡದ ಹಿಂದೆ ಕೆಟ್ಟುನಿಂತ ಜೀಪಿನ ಪಕ್ಕ ವಾಕಿಟಾಕಿ ಹಿಡಿದವನು “ಬ್ರೇಕ್, ಬ್ರೇಕ್” ಎಂದು ಕೂಗುವ ಕ್ಷಣಕ್ಕೇ, ರಿಂಗ್ ರೋಡಿನಲ್ಲಿ ಆರಾಮಾಗಿ ಕೂತವನು ಐವತ್ತು ವಾಟಿನಿಂದ ತನ್ನ ಬೆಳಗಿನ ತಿಂಡಿಯ ವರ್ಣನೆ ಶುರುಮಾಡಿದರೆ ಕೂಗಿದ್ದು ಯಾರಿಗೂ ಕೇಳದು. ಕೇಳಲಿಲ್ಲ ಎಂಬುದೂ ಯಾರಿಗೂ ತಿಳಿಯದು. ಮದ್ದು ಇಷ್ಟೇ: ಎದುರಿನವನು ಮಾತು ನಿಲ್ಲಿಸಿದ ಮೇಲೆ ಎರಡು ಸೆಕೆಂಡ್ ಸುಮ್ಮನಿದ್ದು ಆಮೇಲೆ ಒತ್ತುವುದು. ಆ ಎರಡು ಸೆಕೆಂಡ್ ಬಿಡುವವರು, ಎಲ್ಲರೂ ರೇಡಿಯೋದಲ್ಲಿ ಸೇರುವ ಬೆಳಗಿನ ನೆಟ್‌ನಲ್ಲಿ ಎಷ್ಟು ಮಂದಿ? ಪರೀಕ್ಷೆಗೆ ಓದಿದ್ದಾರೆ, ಹೊಸಬರಿಗೆ ಪಾಠವನ್ನೂ ಹೇಳುತ್ತಾರೆ. ಸಿಗ್ನಲ್ಲಿನ ಆಟೋದವರಂತೆ ಸಂದು ಕಂಡೊಡನೆ ಮೂಗು ತೂರಿಸುತ್ತಾರೆ. ಆಟೋದವನಿಗಾದರೂ ಬಾಡಿಗೆಯ ಅವಸರ.

2004ರ ಡಿಸೆಂಬರ್ 26ರಂದು ಸುನಾಮಿ ಅಪ್ಪಳಿಸಿದಾಗ ಭಾರತಿ ಪ್ರಸಾದ್ ಮತ್ತವರ ಹ್ಯಾಮ್ ತಂಡ ಪೋರ್ಟ್ ಬ್ಲೇರ್‌ನಲ್ಲಿತ್ತು. ಅಂಡಮಾನಿನ ಸುದ್ದಿ ಹೊರಗೆ ತಲುಪಿದ್ದರಲ್ಲಿ ಅವರ ರೇಡಿಯೋದ ಪಾಲು ದೊಡ್ಡದು. ನಮ್ಮ ಪ್ರತಿ ಸಭೆಯ ಭಾಷಣದಲ್ಲೂ ಈ ಕಥೆ ಬರುತ್ತದೆ, ಚಪ್ಪಾಳೆಯೂ ಬೀಳುತ್ತದೆ. ಸಭೆ ಮುಗಿಸಿ ಕಾರು ಹತ್ತಿದವರು ಗೇಟು ದಾಟುವ ಮೊದಲೇ ಒಬ್ಬರ ಮೇಲೊಬ್ಬರು ಮೈಕ್ ಒತ್ತತೊಡಗುತ್ತಾರೆ.

ಆದ್ದರಿಂದ ಕಾರಿಗೆ ಹೊಸದಾಗಿ ಸೆಟ್ಟು ಹಾಕಿಸಿದವರಿಗೆ ನನ್ನ ಸಲಹೆ: ಮೊದಲ ವಾರ ಮೈಕನ್ನು ಕಳಚಿ ಡಿಕ್ಕಿಯಲ್ಲಿಡಿ, ಬರೀ ಕೇಳಿ. ಲೈಸೆನ್ಸ್ ತೆಗೆದುಕೊಂಡು ಇಪ್ಪತ್ತು ವರ್ಷ ದಾಟಿದವರು ಒಂದು ತಿಂಗಳಿಡಿ. ಡಿಕ್ಕಿಯ ಕೀಲಿಯನ್ನು ಮನೆಯವರ ಕೈಗೆ ಕೊಟ್ಟರೆ ಇನ್ನೂ ಕ್ಷೇಮ.