ರೋಸ್ ಬೇಳದಲ್ಲಿ, ಸಂಜೆ ಬೇಕಲದಲ್ಲಿ

ಕುಂಬಳೆಯಿಂದ ಬದಿಯಡ್ಕಕ್ಕೆ ಹೋಗುವ ದಾರಿಯಲ್ಲಿ ಸೀತಾಂಗೋಳಿ ದಾಟಿದ ಮೇಲೆ ಬೇಳ ಸಿಗುತ್ತದೆ. ಗಾಥಿಕ್ ಶೈಲಿಯ ನಮ್ಮ ವ್ಯಾಕುಲ ಮಾತೆಯ ಇಗರ್ಜಿ 1890ರಲ್ಲಿ ಸ್ಥಾಪನೆಯಾದದ್ದು. 1956ರ ನವೆಂಬರ್ 1ರಂದು ಕಾಸರಗೋಡು ಕೇರಳಕ್ಕೆ ಸೇರಿತು; ಆದರೆ ಇಲ್ಲಿನ ಇಗರ್ಜಿಗಳು ಇಂದಿಗೂ ಮಂಗಳೂರು ಧರ್ಮಪ್ರಾಂತ್ಯದಲ್ಲೇ ಇವೆ. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಕನ್ನಡ, ಪಂಚಾಯತಿನಲ್ಲಿ ಮಲಯಾಳ. ಹೀಗೆ ಮೂರು ಭಾಷೆಯಲ್ಲಿ ಬಾಳುವ ನಮಗೆ ಎರಡು ಸಂಸ್ಕೃತಿಯ ಮದುವೆಯೆಂದರೆ ಹೆದರಿಕೆಯಾಗಬಾರದು. ಆದರೂ ಮಗಳು ಫೋನಿನಲ್ಲಿ ವಿಷಯ ತಿಳಿಸಿದ ದಿನ ನಾವಿಬ್ಬರೂ ಸ್ವಲ್ಪ ಹೊತ್ತು ಸುಮ್ಮನೆ ಕುಳಿತೆವು.

ಹುಡುಗ ಹೊರದೇಶದಲ್ಲಿ ಅವಳ ಜತೆ ಕೆಲಸ ಮಾಡುವವನು. ಊರು ದೂರವೇನಲ್ಲ, ಇದೇ ಜಿಲ್ಲೆಯ ಮೂಡಣ ಬೆಟ್ಟದ ಕಡೆ, ವೆಳ್ಳರಿಕುಂಡಿನ ಹತ್ತಿರ. ಅವರು ಸಿರೋ ಮಲಬಾರ್ ಸಭೆಯವರು. ಹುಡುಗನ ಅಜ್ಜ ಪಾಲಾ ಕಡೆಯಿಂದ ಕುಟುಂಬ ಸಮೇತ ಬಂದು ಕಾಡು ಕಡಿದು, ಮರಗೆಣಸು, ಕರಿಮೆಣಸು, ಆಮೇಲೆ ರಬ್ಬರ್ ಹಾಕಿದವರು. ತಿರುವಾಂಕೂರಿನಿಂದ ಮಲಬಾರಿಗೆ ಹಾಗೆ ವಲಸೆ ಬಂದ ಕ್ರೈಸ್ತರು ಎಷ್ಟು ಹೆಚ್ಚಿದರೆಂದರೆ ಅವರಿಗಾಗಿ 1953ರಲ್ಲಿ ತಲಶ್ಶೇರಿ ಧರ್ಮಪ್ರಾಂತ್ಯವೇ ಆಯಿತು. ನಾವು ಒಂದೇ ಜಿಲ್ಲೆಯವರು, ಒಂದೇ ಕಥೋಲಿಕ ಧರ್ಮಸಭೆಯವರು. ಆದರೂ ಅವರ ಮನೆಯ ಮದುವೆಗೆ ನಮ್ಮವರು ಒಬ್ಬರೂ ಹೋದವರಿಲ್ಲ. ನಮ್ಮ ಮದುವೆಗೆ ಅವರೂ ಬಂದವರಲ್ಲ.

ಮಗಳ ಮೊದಲ ಬೇಡಿಕೆ ಬೇರೆಯೇ ಇತ್ತು. "ಬೇಕಲದ ಸಮುದ್ರ ತೀರದಲ್ಲಿ, ಅರುವತ್ತು ಜನ, ಮೂರು ದಿನ, ಯಾವ ಗಡಿಬಿಡಿಯೂ ಬೇಡ" ಎಂದಳು. ಅವಳ ಮಾತಿಗೂ ಕಾರಣವಿತ್ತು. ಅವಳ ದೊಡ್ಡಪ್ಪನ ಮಗಳ ಮದುವೆಯಲ್ಲಿ ಮದುಮಗಳು ನಾಲ್ಕು ಗಂಟೆ ವೇದಿಕೆಯ ಮೇಲೆ ನಿಂತು, ಒಂಬೈನೂರು ಜನರಿಗೆ ಕೈಕೊಟ್ಟು, ಕೊನೆಗೆ ಊಟ ಆರಿದ ಮೇಲೆ ಎರಡು ತುತ್ತು ತಿಂದದ್ದನ್ನು ಅವಳು ನೋಡಿದ್ದಾಳೆ. "ನನ್ನ ಮದುವೆಯಲ್ಲಿ ನಾನೂ ಇರಬೇಕಲ್ಲ ಮಮ್ಮಿ?" ಎಂದು ಕೇಳಿದಳು. ಅದು ನ್ಯಾಯವಾದ ಮಾತು.

ಆದರೆ ನಮ್ಮ ವಾಳೆಯಲ್ಲೇ 38 ಮನೆಗಳಿವೆ. ಮನೆಯಲ್ಲಿ 86 ವರ್ಷದ ಅಜ್ಜಿ ಇದ್ದಾರೆ. ಮೊಣಗಂಟು ಹಿಡಿದು ಎರಡು ವರ್ಷದಿಂದ ಅಂಗಳ ಬಿಟ್ಟು ಹೋದವರಲ್ಲ. ಪರಮ ಪ್ರಸಾದವೂ ಮನೆಗೇ ಬರುತ್ತದೆ. ಬೇಕಲ ಅವರ ಪಾಲಿಗೆ ಬೊಂಬಾಯಿಯಷ್ಟು ದೂರ. "ನಾನಿಲ್ಲದೆಯೂ ಮದುವೆ ಆಗುತ್ತದೆ, ನೀವು ಚಂದ ಮಾಡಿ" ಎಂದು ಅವರು ಹೇಳಿದ್ದು ನಮಗೆ ಕೇಳಲಾಗಲಿಲ್ಲ. ಮೊಮ್ಮಗಳ ತಲೆಗೆ ಮೊದಲ ರೋಸ್ ಹೊಯ್ಯಬೇಕಾದವರು ಅವರು.

ಹಾಗಾಗಿ ಹುಡುಗನ ತಂದೆತಾಯಿಯನ್ನೂ ಸೇರಿಸಿಕೊಂಡು ನಾಲ್ವರೂ ಎರಡು ದಿನ ಬೇಳದಿಂದ ಬೆಟ್ಟದವರೆಗೆ ಒಂದು ಸುತ್ತು ಹೊರಟೆವು. ಮದುವೆಯ ಜಾಗ ಯಾವುದು ಎಂಬುದನ್ನು ದಾರಿಯೇ ಹೇಳಲಿ ಎಂದು.

ಹೊರಡುವ ಮುಂಚೆ ನಮ್ಮ ಫಾದರ್ ಹತ್ತಿರ ಹೋದೆವು. ಮದುವೆ ಸಂಸ್ಕಾರ ನಡೆಯಬೇಕಾದದ್ದು ಧರ್ಮಕೇಂದ್ರದ ದೇವಾಲಯದಲ್ಲಿ; ಕಡಲ ತೀರದ ಚಪ್ಪರದಲ್ಲಿ ಮಾಡಬೇಕಿದ್ದರೆ ಧರ್ಮಾಧ್ಯಕ್ಷರ ಅಪ್ಪಣೆ ಬೇಕು, ಚಂದ ಕಾಣುತ್ತದೆ ಎಂಬ ಕಾರಣ ಅದಕ್ಕೆ ಸಾಲದು ಎಂದರು. ಇನ್ನೊಂದು ವಿಷಯ ನಮಗೆ ಹೊಸದು. ವಧೂವರರಲ್ಲಿ ಒಬ್ಬರು ಪೂರ್ವದ ಸಭೆಯವರಾದರೆ ಮದುವೆಯನ್ನು ಆಶೀರ್ವದಿಸುವವರು ಗುರುಗಳೇ ಆಗಿರಬೇಕು, ಡೀಕನ್ ಸಾಲದು. ಪೋಪ್ ಫ್ರಾನ್ಸಿಸ್ 2016ರಲ್ಲಿ ಇದನ್ನು ಲ್ಯಾಟಿನ್ ಸಭೆಯ ಕಾನೂನಿನಲ್ಲೂ ಸೇರಿಸಿದ್ದಾರಂತೆ. ಎರಡು ಪೂಜಾಕ್ರಮಗಳನ್ನು ಕಲಸಿ ಮೂರನೆಯದನ್ನು ಮಾಡುವಂತಿಲ್ಲ. ಆದರೆ ನಮ್ಮ ಕ್ರಮದ ಪೂಜೆಯಲ್ಲೇ ಅವರ ಮಿನ್ನು ಮತ್ತು ಮಂತ್ರಕೋಡಿಯನ್ನು ಆಶೀರ್ವದಿಸಲು, ಒಂದು ವಾಚನವನ್ನು ಮಲಯಾಳದಲ್ಲಿ ಓದಲು ಅಡ್ಡಿಯಿಲ್ಲ. ಹುಡುಗನ ವಿಕಾರಿಯವರ ಒಪ್ಪಿಗೆ, ಎರಡೂ ಇಗರ್ಜಿಗಳಲ್ಲಿ ಪ್ರಕಟಣೆ, ವಿವಾಹ ಸಿದ್ಧತಾ ಶಿಬಿರದ ಸರ್ಟಿಫಿಕೇಟು, ಇಷ್ಟು ಕಾಗದಪತ್ರ ಮೊದಲೇ ಸೇರಿಸಿಡಿ ಎಂದರು. ಆಮೇಲೆ 45 ದಿನದೊಳಗೆ ಪಂಚಾಯತಿನಲ್ಲಿ ನೋಂದಣಿ. ವೀಸಾಕ್ಕೆ ಆ ಕಾಗದವೇ ಬೇಕಲ್ಲ.

ತಾರೀಕಿನ ಲೆಕ್ಕ ಅಲ್ಲೇ ಮುಗಿಯಿತು. ಡಿಸೆಂಬರ್ ಬೇಡ. ನಮಗೆ ಆಗಮನ ಕಾಲ, ಅವರಿಗೆ 1ನೇ ತಾರೀಕಿನಿಂದಲೇ 25 ದಿನದ ವ್ರತ. 2027ರಲ್ಲಿ ನಮ್ಮ ಬೂದಿ ಬುಧವಾರ ಫೆಬ್ರವರಿ 10ಕ್ಕೆ. ಅವರದು ಬೂದಿ ಸೋಮವಾರ, ಎರಡು ದಿನ ಮೊದಲೇ. ನಡುವೆ ಉಳಿದದ್ದು ಜನವರಿ. ಮಳೆಯಿಲ್ಲ, ಸೆಕೆ ಏರಿಲ್ಲ, ಕಡಲೂ ಸಮಾಧಾನದಲ್ಲಿರುವ ತಿಂಗಳು.

ಕಾಸರಗೋಡು ಪೇಟೆ ದಾಟಿ ಚಂದ್ರಗಿರಿ ಹೊಳೆಯ ಸೇತುವೆ ಮೇಲೆ ಹೋಗುವಾಗ ಹುಡುಗನ ತಂದೆ, "ಇಲ್ಲಿಂದ ಆಚೆ ನಮ್ಮ ಕಡೆ" ಎಂದು ನಕ್ಕರು. ಹೊಳೆ ಹಿಂದಿನ ಕಾಲದಲ್ಲಿ ತುಳುನಾಡಿನ ಗಡಿಯಾಗಿತ್ತು ಎಂಬುದನ್ನು ನಮ್ಮ ಹಿರಿಯರೂ ಹೇಳುತ್ತಿದ್ದರು. ಆದರೆ ಹೊಳೆ ದಾಟಿದ ಮೇಲೂ ಕನ್ನಡದ ಗುರುತು ಮುಗಿಯುವುದಿಲ್ಲ. ಬೇಕಲದ ಕೋಟೆ ಕಟ್ಟಿಸಿದವರು ಕೆಳದಿಯ ಶಿವಪ್ಪ ನಾಯಕರು, 1650ರ ಸುಮಾರಿಗೆ. ಸುಮಾರು 40 ಎಕರೆಯ ಈ ಕೋಟೆ ಕೇರಳದಲ್ಲೇ ದೊಡ್ಡದು. ಟಿಪ್ಪು ಮಡಿದ ಮೇಲೆ 1799ರಲ್ಲಿ ಇಂಗ್ಲಿಷರ ಕೈಸೇರಿ, ಮುಂದೆ ಕೆನರಾ ಜಿಲ್ಲೆಯ ಬೇಕಲ ತಾಲೂಕಿನ ಕೇಂದ್ರವಾಗಿತ್ತು. 1995ರ 'ಬಾಂಬೆ' ಚಿತ್ರದ ಹಾಡೊಂದು ಬಂದ ಮೇಲೆ ಕೋಟೆಯ ಹೆಸರು ದೇಶಕ್ಕೆಲ್ಲ ಗೊತ್ತಾಯಿತು. ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಜಾಗ. ಅಲ್ಲಿ ಸಮಾರಂಭದ ಮಾತಿಲ್ಲ. ನಡೆದು ಹೋಗಿ ಬುರುಜಿನ ಮೇಲೆ ನಿಂತು ಬೀಸುವ ಗಾಳಿ ಕುಡಿಯಬಹುದು, ಅಷ್ಟೇ ಸಾಕು.

ಹತ್ತಿರದಲ್ಲಿ ಮೂರು ರೆಸಾರ್ಟುಗಳನ್ನು ನೋಡಿದೆವು. ಒಂದರಲ್ಲಿ ಹುಡುಗನೊಬ್ಬ ಬಣ್ಣದ ಪುಸ್ತಕ ತೆರೆದು ಮೂರು ದಿನದ ಪ್ಯಾಕೇಜ್ ತೋರಿಸಿದ. ಮೊದಲ ದಿನ ಮೆಹಂದಿ, ಎರಡನೆಯ ದಿನ ಹಳದಿ, ರಾತ್ರಿ ಸಂಗೀತ್. ಇವು ನಮ್ಮವೂ ಅಲ್ಲ, ಅವರವೂ ಅಲ್ಲ! "ನಮಗೆ ರೋಸ್ ಇದೆ" ಎಂದಾಗ ಆತ ಗುಲಾಬಿ ಹೂವಿನ ಅಲಂಕಾರ ಎಂದು ಬರೆದುಕೊಂಡ. ತೆಂಗಿನ ಹಾಲು ತಲೆಯಿಂದ ಕಾಲಿನವರೆಗೆ ಹರಿಯುತ್ತದೆ ಎಂದು ವಿವರಿಸಿದ ಮೇಲೆ ನೆಲದ ಹಾಸುಗಲ್ಲು ನೋಡಿ, "ಅದು ಹುಲ್ಲಿನ ಮೇಲೆ ಆಗಬಹುದೇ ಸರ್?" ಎಂದು ಕೇಳಿದ. ಪಾಪ, ಅವನ ತಪ್ಪಲ್ಲ. ಆದರೆ ಎರಡು ಸಂಸ್ಕೃತಿಗಳ ಮದುವೆ ಎಂದರೆ ಎರಡನ್ನೂ ಬಿಟ್ಟು ಟಿ.ವಿ.ಯಲ್ಲಿ ಕಂಡ ಮೂರನೆಯದನ್ನು ಮಾಡುವುದು ಎಂದು ಈಗ ಎಲ್ಲೆಡೆ ಆಗಿಬಿಟ್ಟಿದೆ. ರೋಸ್ ಮನೆಯ ಅಂಗಳದಲ್ಲೇ ಆಗಬೇಕೆಂದು ನಮ್ಮಿಬ್ಬರಿಗೂ ತೀರ್ಮಾನವಾದದ್ದು ಆ ಹುಲ್ಲುಹಾಸಿನ ಮುಂದೆ.

ನಾವು ಹೊಸದುರ್ಗ ಎನ್ನುವ, ಅವರು ಕಾಞಂಗಾಡ್ ಎನ್ನುವ ಪೇಟೆಯಿಂದ ಮೂಡಕ್ಕೆ ತಿರುಗಿದರೆ ದಾರಿ ಏರುತ್ತಾ ಹೋಗುತ್ತದೆ. ಎರಡೂ ಬದಿ ರಬ್ಬರ್, ನಡುನಡುವೆ ಇಗರ್ಜಿಯ ಗೋಪುರ. ಅವರ ಮನೆ ತಲುಪುವಾಗ ಕತ್ತಲಾಗಿತ್ತು. ಅಲ್ಲಿಯೂ ಒಬ್ಬರು ಅಮ್ಮಚ್ಚಿ ಇದ್ದಾರೆ, ಎಂಬತ್ತರ ಮೇಲಿನವರು, ಬಿಳಿ ಚಟ್ಟಯೂ ಮುಂಡೂ ಉಟ್ಟವರು. ಮದುಮಗಳು ಹೊಸ್ತಿಲಿಗೆ ಬಂದಾಗ ಹಣೆಯ ಮೇಲೆ ಶಿಲುಬೆ ಎಳೆದು ಒಳಗೆ ಕರೆದುಕೊಳ್ಳುವುದು ಅವರಲ್ಲಿ ಕ್ರಮ. ಅಮ್ಮಚ್ಚಿ ನಮ್ಮನ್ನೂ ಹತ್ತಿರ ಕರೆದು ಕೈ ಹಿಡಿದು ಏನೋ ಕೇಳಿದರು. ಹುಡುಗನ ತಾಯಿ ಅರ್ಥ ಹೇಳಿದರು: "ಮದುವೆ ದಿನ ಸಂಜೆಯೊಳಗೆ ಹುಡುಗಿಯನ್ನು ಇಲ್ಲಿಗೆ ಕರೆದುಕೊಂಡು ಬರುತ್ತೀರಲ್ಲ?" ಆ ಕಡೆಯಲ್ಲೂ ಅಂಗಳ ಬಿಡದ ಒಬ್ಬ ಅಜ್ಜಿ! ಬೇಕಲದಲ್ಲಿ ಮದುವೆ ಮಾಡಿದರೆ ಇಬ್ಬರಿಗೂ ಇಲ್ಲ ಎಂದಾಗುತ್ತಿತ್ತು.

ಆ ರಾತ್ರಿ ಅಡುಗೆಮನೆಯ ಮೇಜಿನ ಸುತ್ತ ಕುಳಿತು ಮಾತಾಡಿದೆವು. ಗಂಡಸರಿಗಿಂತ ಬೇಗ ಹೆಂಗಸರು ದಾರಿ ಕಂಡುಕೊಂಡರು ಎನ್ನಬೇಕು. ಮದುವೆಯ ಮುನ್ನಾದಿನ ನಮಗೆ ರೋಸ್, ಅವರಿಗೆ ಮಧುರಂ ವೆಯ್ಪ್, ಅಂದರೆ ಹಿರಿಯರು ಸಿಹಿ ತಿನ್ನಿಸುವ ಶಾಸ್ತ್ರ. ಎರಡೂ ಅವರವರ ಮನೆಯಲ್ಲಿ ನಡೆಯುವಂಥವು. "ನಮ್ಮ ಹುಡುಗನಿಗೂ ರೋಸ್ ಹಾಕಬೇಕು, ಹಾಲು ಕಳಿಸಿ" ಎಂದರು ಅವನ ಸೋದರತ್ತೆ. ತೆಂಗಿನ ಹಾಲು ಅಷ್ಟು ದೂರ ಹೋಗುವಾಗ ಹುಳಿಯಾದೀತು. ತೆಂಗಿನಕಾಯಿಗೆ ಅಲ್ಲೇನು ಬರ? ಕೊರತೆ ಇರುವುದು ವೊವಿಯೊ ಹೇಳುವವರಿಗೆ. ಹಾಗಾಗಿ ಮಲಯಾಳವೂ ಬರುವ ನಮ್ಮ ಚಿಕ್ಕಮ್ಮ ಒಬ್ಬರು ಹಿಂದಿನ ದಿನವೇ ಅಲ್ಲಿಗೆ ಹೋಗುತ್ತಾರೆ. ಅವರ ಕಡೆಯ ಒಬ್ಬರು ಸೋದರಮಾವ ಸಿಹಿ ಹಿಡಿದುಕೊಂಡು ನಮ್ಮಲ್ಲಿಗೆ ಬರುತ್ತಾರೆ.

ಸೀರೆಯ ಪ್ರಶ್ನೆ ಎಲ್ಲಕ್ಕಿಂತ ದೊಡ್ಡದಾಗಬಹುದಿತ್ತು. ನಮ್ಮಲ್ಲಿ ಗಂಡಿನ ಕಡೆಯವರು ಕೊಡುವ ಕೆಂಪು ಸಾಡೊ. ಅವರಲ್ಲಿ ಗಂಡು ಇಗರ್ಜಿಯಲ್ಲೇ ಮದುಮಗಳ ತಲೆಯ ಮೇಲೆ ಹೊದೆಸುವ ಮಂತ್ರಕೋಡಿ. ಎರಡನ್ನೂ ಪೂಜೆ ಆದ ಮೇಲೆ ಉಡುವುದು. ಒಂದೇ ಸಂಜೆ ಎರಡು ಸೀರೆ ಹೇಗೆ? "ಮಂತ್ರಕೋಡಿಯನ್ನೇ ಕೆಂಪು ತೆಗೆದರಾಯಿತಲ್ಲ" ಎಂದರು ಹುಡುಗನ ತಾಯಿ. ಅಲ್ಲಿಗೆ ಮುಗಿಯಿತು! ಮಂತ್ರಕೋಡಿಯಿಂದ ತೆಗೆದ ನೂಲಿನಲ್ಲೇ ಮಿನ್ನು ಪೋಣಿಸುತ್ತಾರೆ. ಹಾಗಾಗಿ ಆ ಪುಟ್ಟ ಚಿನ್ನದ ಎಲೆ ನಮ್ಮ ಸಾಡೊದ ಕೆಂಪು ನೂಲಿನಲ್ಲಿ ತೂಗಲಿದೆ. ಅದರ ಜತೆ ನಮ್ಮ ಕರಿಮಣಿಯೂ ಇರಲಿ ಎಂದು ಅಜ್ಜಿ ತಮ್ಮದನ್ನು ತೆಗೆದಿಟ್ಟಿದ್ದಾರೆ.

ಊಟದ ಬಗ್ಗೆ ಹೆಚ್ಚು ಹೇಳುವುದಿಲ್ಲ, ಹೇಳಿದರೆ ಪುಟ ಸಾಲದು. ನಮ್ಮ ಸಾನ್ನಾಂ ಅವರ ಕಳ್ಳಪ್ಪಂ ಎರಡೂ ಕಳ್ಳಿನಲ್ಲಿ ಉಬ್ಬುವಂಥವು. ಹಂದಿಮಾಂಸಕ್ಕೆ ನಾವು ಬಫಾತ್ ಪುಡಿ ಹಾಕುತ್ತೇವೆ, ಅವರು ತೆಂಗಿನಕಾಯಿ ಚೂರು ಹಾಕಿ ಹುರಿಯುತ್ತಾರೆ. ಎರಡು ಕಡೆಯ ಅಡುಗೆಯವರನ್ನೂ ಒಂದೇ ಒಲೆಗೆ ಬಿಡಬೇಡಿ ಎಂಬುದು ಮಾತ್ರ ನಮ್ಮ ಸಲಹೆ. ಬೇಳದಲ್ಲಿ ನಮ್ಮ ಅಡುಗೆ, ಬೆಟ್ಟದಲ್ಲಿ ಅವರದು.

ಮಗಳು ಇನ್ನು ಯಾವ ಸಭೆಯವಳು ಎಂಬ ಪ್ರಶ್ನೆ ಮಾತ್ರ ಇಷ್ಟು ಸುಲಭದ್ದಾಗಿರಲಿಲ್ಲ. ಬೇಳದ ಪುಸ್ತಕದಲ್ಲಿ ನಮ್ಮ ನಾಲ್ಕು ತಲೆಮಾರಿನ ಹೆಸರಿದೆ. ಮದುವೆಯಾದ ಮಾತ್ರಕ್ಕೆ ಅವಳು ಸಭೆ ಬದಲಿಸಲೇಬೇಕೆಂದಿಲ್ಲ, ಬಯಸಿದರೆ ಗಂಡನ ಸಭೆಗೆ ಸೇರಬಹುದು ಎಂದು ಫಾದರ್ ತಿಳಿಸಿದ್ದಾರೆ. ಹುಟ್ಟುವ ಮಕ್ಕಳು ಸಾಮಾನ್ಯವಾಗಿ ತಂದೆಯ ಸಭೆಗೆ. ಇಬ್ಬರೂ ಒಪ್ಪಿ ಕೇಳಿಕೊಂಡರೆ ತಾಯಿಯ ಸಭೆಗೂ ಆಗಬಹುದು. ಹುಡುಗನ ತಂದೆ ತಮ್ಮ ಆಸೆಯನ್ನು ಮುಚ್ಚಿಡಲಿಲ್ಲ, ನಾವೂ ನಮ್ಮದನ್ನು ಮುಚ್ಚಿಡಲಿಲ್ಲ. ಮಕ್ಕಳು ತಾವೇ ಯೋಚಿಸಿ ಹೇಳಲಿ, ಮದುವೆಯ ಮೊದಲು ಯಾರೂ ಒತ್ತಾಯ ಮಾಡುವುದು ಬೇಡ ಎಂಬ ಮಾತಿಗೆ ನಿಂತಿದೆ. ಈ ಬರೆಹ ನಿಮ್ಮ ಕೈಸೇರುವಾಗಲೂ ಅವರು ಹೇಳಿರಲಿಕ್ಕಿಲ್ಲ.

ಕೊನೆಗೆ ಆದ ಏರ್ಪಾಡು ಹೀಗೆ. ಜನವರಿ 22, ಶುಕ್ರವಾರ ಸಂಜೆ ಎರಡೂ ಮನೆಗಳಲ್ಲಿ ರೋಸ್, ಮಧುರಂ. ಶನಿವಾರ ಬೆಳಿಗ್ಗೆ ಬೇಳದಲ್ಲಿ ಮದುವೆ, ಇಗರ್ಜಿಯ ಹಾಲಿನಲ್ಲಿ ಇಡೀ ವಾಳೆಗೆ ಊಟ. ವೇದಿಕೆಯಲ್ಲಿ ನಿಂತು ಕೈಕೊಡುವ ಸಾಲು ಇಲ್ಲ; ಮದುಮಕ್ಕಳೇ ಪಂಕ್ತಿಯಿಂದ ಪಂಕ್ತಿಗೆ ಹೋಗಿ ಮಾತಾಡಿಸಿ, ಎಲ್ಲರ ಜತೆ ಕುಳಿತು ಉಣ್ಣುತ್ತಾರೆ. ಮೂರೂವರೆಗೆ ಹೊರಟರೆ ಕತ್ತಲಾಗುವ ಮೊದಲು ಅಮ್ಮಚ್ಚಿಯ ಹೊಸ್ತಿಲು. ಭಾನುವಾರ ಅವರ ಇಗರ್ಜಿಯಲ್ಲಿ ಕುರ್ಬಾನ, ಅವರ ಊರವರಿಗೆ ಊಟ. ಸೋಮವಾರ ಮಗಳು ಬಯಸಿದ ಬೇಕಲ. ನೀಲೇಶ್ವರದ ಹತ್ತಿರ ಕೋಟ್ಟಪ್ಪುರದಿಂದ ವಲಿಯಪರಂಬದ ಹಿನ್ನೀರಿನಲ್ಲಿ ಹಗಲಿಡೀ ದೋಣಿಮನೆ, ಸಂಜೆ ಕಡಲ ಬದಿ, ಯಾವ ಕಾರ್ಯಕ್ರಮವೂ ಇಲ್ಲ. ಮಂಗಳವಾರ ಗಣರಾಜ್ಯ ದಿನದ ರಜೆ. ಆ ದಿನ ಅಮ್ಮಚ್ಚಿಯ ಮಕ್ಕಳು ಮೊಮ್ಮಕ್ಕಳೆಲ್ಲ ಬೇಳಕ್ಕೆ ತವರಿನ ಮರುಕರೆಯ ಊಟಕ್ಕೆ ಬರುತ್ತಾರೆ.

ಸೋಮವಾರದ ಬೇಕಲಕ್ಕೆ ಅರುವತ್ತು ಜನ ಎಂದೇ ಮಗಳು ಹಟ ಹಿಡಿದಿದ್ದಳು. ಕಳೆದ ವಾರ ವಾಳೆಯ ಗುರಿಕಾರರು ಬಂದು, ನಮ್ಮ ಹಿರಿಯರಲ್ಲಿ ಕೆಲವರು ಇಷ್ಟು ಹತ್ತಿರವಿದ್ದೂ ಬೇಕಲದ ಕೋಟೆ ನೋಡಿದವರಲ್ಲ ಎಂದರು. ಅದನ್ನು ಅವಳಿಗೆ ತಿಳಿಸಿದೆವು. ಸ್ವಲ್ಪ ಹೊತ್ತು ಬಿಟ್ಟು ಉತ್ತರ ಬಂತು: "ಒಂದು ಬಸ್ಸು ಮಾಡಿ ಪಪ್ಪಾ. ಆದರೆ ಮೈಕ್ ಬೇಡ." ಐವತ್ತೆರಡು ಸೀಟಿನ ಬಸ್ಸಿಗೆ ಮುಂಗಡ ಕೊಟ್ಟಾಗಿದೆ. ಗುರಿಕಾರರ ಪಟ್ಟಿಯಲ್ಲಿ ಈಗಾಗಲೇ ನಲುವತ್ತೇಳು ಹೆಸರು ಸೇರಿದೆ.